ಮೂರನೇ ಪೆಡಲ್

2 ಫೆಬ್ರವರಿ, ಭಾನುವಾರ, ಸಂಜೆ

ಸೋಸಲೆ ಊರು ಮುಗಿಸಿ ಬಂದೆ. ಅರ್ಧ ಕಟ್ಟು ಕರಪತ್ರ ಉಳಿದಿದೆ. ಗಂಡಸರು ಮಡಚಿ ಜೇಬಿಗಿಟ್ಟರು. ಹೊಳೆ ಕಡೆ ಬೀದಿಯ ಹೆಂಗಸರು ಮಾತ್ರ ಕೂತು ಪೂರ್ತಿ ಓದಿಸಿಕೊಂಡರು. ‘ಸಹಿ ಹಾಕುವ ಮುನ್ನ’ — ನಾನೇ ಬರೆದದ್ದು, ನಮ್ಮ ಅಂಗಡಿಯಲ್ಲೇ ಜೆರಾಕ್ಸ್. ವಾರವಿಡೀ ನಂಜನಗೂಡು ತಾಲ್ಲೂಕು ಆಫೀಸಿನ ಎದುರು ಕೂತು ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರ ಟೈಪ್ ಮಾಡುತ್ತೇನೆ. ಭಾನುವಾರ ಅದಕ್ಕೆ ಸಹಿ ಹಾಕಬೇಡಿ ಎಂದು ಊರೂರು ತಿರುಗುತ್ತೇನೆ. ಹೊಟ್ಟೆಪಾಡು ಬೇರೆ, ನ್ಯಾಯ ಬೇರೆ. ಒಂದು ದಿನ ಎರಡೂ ಒಂದೇ ಆಗಬೇಕು.

ಚಿಕ್ಕಬಸಮ್ಮ ಎಂಬುವವರು ಹೊರಡುವಾಗ ಕಾರಿನ ಕಿಟಕಿ ಹಿಡಿದು ನಿಂತರು. ತಮ್ಮಂದಿರು ಈ ತಿಂಗಳೇ ಸಹಿಗೆ ಕರೆಯುತ್ತಿದ್ದಾರಂತೆ.

“ನೀ ಬಂದು ಪಕ್ದಲ್ಲಿ ನಿಂತ್ಕಂಡ್ರೆ ಇಲ್ಲ ಅಂತೀನಿ ಕಣವ್ವ. ಒಬ್ಳೇ ಆದ್ರೆ ಬಾಯೇ ಬರಕಿಲ್ಲ.”

ಬರುತ್ತೇನೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಸ್ಟೇರಿಂಗ್ ನೋಡಿದರು. “ಗೇರೇ ಇಲ್ವಲ್ಲ ಇದ್ರಲ್ಲಿ! ಕಾಲಿಲ್ದಿದ್ರೂ ಓಯ್ತದಾ?”

ಬಲಗಾಲು ಸಾಕು ಎಂದೆ. ಬ್ರೇಕು, ಆಕ್ಸಿಲರೇಟರು, ಎರಡೇ ಪೆಡಲ್. ಹನ್ನೆರಡನೇ ವಯಸ್ಸಿನಲ್ಲಿ ಕಬ್ಬಿನ ಟ್ರೇಲರಿನ ಚಕ್ರ ಹರಿದ ಎಡಗಾಲು ಸುಮ್ಮನೆ ಪಕ್ಕದಲ್ಲಿ ಕೂತಿರುತ್ತದೆ, ಟಿಕೆಟ್ ಇಲ್ಲದ ಪ್ರಯಾಣಿಕನ ಹಾಗೆ. ಹೆಂಗಸರೆಲ್ಲ ನಕ್ಕರು. ನಾನೂ.

ಬರುವಾಗ ಹಂಪ್ ಹತ್ತಿರ ಕಾರು ಒಮ್ಮೆ ಜಗ್ಗಿತು. ಗೇರ್ ತೋರಿಸುವ ದೀಪ ಮಿಟುಕಿತು. ಗ್ಯಾರೇಜಿನ ಶಿವುಗೆ ಹೇಳಬೇಕು.

9 ಫೆಬ್ರವರಿ, ಭಾನುವಾರ

ನನ್ನ ವೀಳ್ಯ ಶಾಸ್ತ್ರ ಆಯಿತು. ಪುರೋಹಿತರು ಇಲ್ಲ, ಓಲಗ ಇಲ್ಲ. ಎರಡು ಮನೆಯವರು, ಚಾಪೆ, ತಟ್ಟೆಯಲ್ಲಿ ಎಲೆ ಅಡಿಕೆ. ಹೆಮ್ಮಿಗೆಯಿಂದ ಶಿವು, ಅವನ ಅವ್ವ, ದೊಡ್ಡಪ್ಪ ಮಲ್ಲಯ್ಯ. ನಮ್ಮ ಕಡೆ ಅಪ್ಪ, ಅಜ್ಜಿ, ಅಣ್ಣ ನಂಜೇಶ. ಅಣ್ಣ ಮುಖ ಸಿಂಡರಿಸಿಕೊಂಡೇ ಕೂತಿದ್ದ. ತಂಗಿ ಮೆಕ್ಯಾನಿಕ್ ಕೈ ಹಿಡಿಯುತ್ತಿದ್ದಾಳೆ ಎನ್ನುವುದು ಅವನಿಗೆ ಇನ್ನೂ ಗಂಟಲಲ್ಲಿ ಇಳಿದಿಲ್ಲ. ಶಿವು ಮಾತಾಡಿಸಿದಾಗೆಲ್ಲ “ಏನ್ರೀ” ಎಂದ. “ಭಾವ” ಎನ್ನಲಿಲ್ಲ.

ಅಣ್ಣನಿಗೆ ಗೊತ್ತಿಲ್ಲ. ನನ್ನ ಕರಪತ್ರವನ್ನು ಪೂರ್ತಿ ಓದಿದ ಮೊದಲ ಗಂಡಸು ಶಿವು. ಎರಡು ವರ್ಷದ ಹಿಂದೆ, ನರಸೀಪುರದ ಗ್ಯಾರೇಜಿನಲ್ಲಿ, ಬಾನೆಟ್ ಮೇಲೆ ಹರಡಿ, ಗ್ರೀಸ್ ಬೆರಳಲ್ಲಿ ಸಾಲು ಹಿಡಿದು ಓದಿದ. ಆಮೇಲೆ ಕೇಳಿದ: “ನಮ್ಮಕ್ಕನ ಕೈಲೂ ಬರೆಸ್ಕಂಡವ್ರೆ. ಅದನ್ನ ಈಗ ಏನ್ ಮಾಡ್ಬೋದು ಮೇಡಂ?” ಆ ಪ್ರಶ್ನೆಗೇ ಸೋತೆ.

ತಟ್ಟೆ ಕೈ ಬದಲಾಗುವ ಹೊತ್ತಿಗೆ ಮಲ್ಲಯ್ಯನವರು ಕೇಳಿದರು, “ಏನಾರ ಏಳೋದಿದ್ರೆ ಈಗ್ಲೇ ಏಳ್ಬುಡಿ. ಎಲೆ ಕೈಲಿರುವಾಗ ಆಡಿದ್ ಮಾತು ಆಮ್ಯಾಲೆ ತಿರುಗಕಿಲ್ಲ.”

ಎದ್ದು ನಿಂತೆ. ಈ ಮನೆಯಿಂದ ಆ ಮನೆಗೆ ಒಂದು ಚಮಚವೂ ಬರುವುದಿಲ್ಲ ಎಂದೆ. ಚಿನ್ನ ಇಲ್ಲ, ಮಂಚ ಇಲ್ಲ, ಬೀರು ಇಲ್ಲ.

“ಕಾರು?” ಎಂದರು ಮಲ್ಲಯ್ಯ. ತಮಾಷೆಗೋ ಏನೋ.

“ಕಾರೂ ಇಲ್ಲ. ಅದು ಅಪ್ಪನ ಹೆಸರಲ್ಲಿದೆ. ಈ ಮನೆಯದು. ನಾನು ಬರಿಗೈಯಲ್ಲಿ ಬರುತ್ತೇನೆ.”

ಅಪ್ಪ ತಲೆ ಎತ್ತಿ ನೋಡಿದರು. ಅಜ್ಜಿ ಮಂಚಮ್ಮ ನನ್ನ ಸೀರೆ ಜಗ್ಗಿ, “ಲೇ, ಬಾಯ್ಗೂ ಒಂದು ಬ್ರೇಕ್ ಆಕ್ಸ್ಕೊಳೇ” ಎಂದಳು. ಎಲ್ಲರೂ ನಕ್ಕರು. ಶಿವು ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ, ಹೆಮ್ಮೆಯಿಂದ.

ಬಸ್ ಸ್ಟ್ಯಾಂಡಿನ ಪುಸ್ತಕದ ಮೇಜಿನಲ್ಲಿ ಕೊಂಡು ಓದಿದ ಕಿರುಹೊತ್ತಿಗೆಗಳೇ ನನ್ನ ಕಾಲೇಜು. ಅದರಲ್ಲಿ ಓದಿದ ಒಂದು ಮಾತನ್ನಾದರೂ ಇವತ್ತು ಬದುಕಿದೆ. ಬಹಳ ಸಂತೋಷ. ಬರೆಯಲು ಕೈ ಓಡುತ್ತಿಲ್ಲ.

16 ಫೆಬ್ರವರಿ, ಭಾನುವಾರ

ಕಾರು ನಿಂತೇ ಹೋಯಿತು. ನರಸೀಪುರದ ದಾರಿಯಲ್ಲಿ, ಎರಡೂ ಕಡೆ ಕಬ್ಬಿನ ಗದ್ದೆ. ಎಷ್ಟು ಒತ್ತಿದರೂ ಗೇರ್ ಹಿಡಿಯಲಿಲ್ಲ, ಇಂಜಿನ್ ಮಾತ್ರ ಅರಚಿತು. ಶಿವು ಟೆಂಪೊ ತಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ.

ಗ್ಯಾರೇಜಿನಲ್ಲಿ ಬಾನೆಟ್ ತೆಗೆದು ತೋರಿಸಿದ. ಒಳಗೆ ಇರುವುದು ಎಲ್ಲ ಕಾರಿನ ಹಾಗೆಯೇ ಗೇರ್ ಬಾಕ್ಸ್. ಅದರ ಮೇಲೆ ಒಂದು ಯಂತ್ರ ಕೂತಿದೆ, ಆಕ್ಚುಯೇಟರ್. ಆಯಿಲ್ ಒತ್ತಡದಿಂದ ಅದೇ ಕ್ಲಚ್ ಒತ್ತುತ್ತದೆ, ಅದೇ ಗೇರ್ ಹಾಕುತ್ತದೆ. “ನಿನ್ ಎಡಗಾಲು ಇದೇ ಕಣೇ,” ಎಂದ, ಆಯಿಲ್ ಸುರಿಯುತ್ತಿದ್ದ ಆ ಕಬ್ಬಿಣದ ಪೆಟ್ಟಿಗೆ ತಟ್ಟಿ. “ಪಾಪ, ಸುಸ್ತಾಗದೆ.”

ಸರಿ ಮಾಡು, ತಡವಾದರೂ ಪರವಾಗಿಲ್ಲ, ಆದರೆ ಇಪ್ಪತ್ತನೇ ತಾರೀಖು ಚಿಕ್ಕಬಸಮ್ಮನ ಜೊತೆ ನಿಲ್ಲಬೇಕು ಎಂದೆ.

“ನೋಡ್ತೀನಿ ಬಿಡು. ನಿಮ್ಮಣ್ಣಂಗೂ ಒಂದ್ ಮಾತು ಏಳ್ತೀನಿ.”

ಅಣ್ಣನಿಗೆ ಯಾಕೆ ಎಂದು ಕೇಳಲಿಲ್ಲ. ಅವನು ನನ್ನ ಕೆನ್ನೆಗೆ ಗ್ರೀಸ್ ಹಚ್ಚಿದ. ನಾನು ಅವನ ಅಂಗಿಗೇ ಒರೆಸಿದೆ.

20 ಫೆಬ್ರವರಿ, ರಾತ್ರಿ

ಬಸ್ಸಿನಲ್ಲಿ ಹೋದೆ. ಮೊದಲನೆಯದರಲ್ಲಿ ಬಾಗಿಲ ತನಕ ಜನ, ಮೆಟ್ಟಿಲು ಎತ್ತರ, ಹತ್ತುವಷ್ಟರಲ್ಲಿ ಡ್ರೈವರ್ ಹೊರಟುಬಿಟ್ಟ. ಎರಡನೆಯದರಲ್ಲಿ ಕಂಡಕ್ಟರ್ ರಟ್ಟೆ ಹಿಡಿದು ಎತ್ತಿದ, “ಅಂಗವಿಕಲ್ರಿಗೆ ಜಾಗ ಬುಡಿ” ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದ. ಒಳ್ಳೆಯವನು. ಹಲ್ಲು ಕಚ್ಚಿ ಕೂತೆ.

ನರಸೀಪುರ ಸಬ್ ರಿಜಿಸ್ಟ್ರಾರ್ ಆಫೀಸು ತಲುಪುವಷ್ಟರಲ್ಲಿ ಚಿಕ್ಕಬಸಮ್ಮ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಹೆಬ್ಬೆರಳಲ್ಲಿ ನೀಲಿ ಶಾಯಿ. ತಮ್ಮಂದಿರು ಪಕ್ಕದಲ್ಲಿ ಕಬ್ಬಿನ ಹಾಲು ಕುಡಿಯುತ್ತಿದ್ದರು. ಅಕ್ಕನಿಗೂ ಒಂದು ಲೋಟ ಕೊಟ್ಟಿದ್ದರು.

“ಬತ್ತೀನಿ ಅಂದಿದ್ದೆ,” ಎಂದರು. ಅಷ್ಟೇ. ಬೈಯಲೂ ಇಲ್ಲ.

25 ಫೆಬ್ರವರಿ

ಶಿವುಗೆ ಫೋನ್. ಕಾರು ಇನ್ನೂ ಆಗಿಲ್ಲವಂತೆ. ಮೈಸೂರಿಗೆ ಹೋಗಿ ಬಂದನಂತೆ, ಗುಜರಿಯಲ್ಲಿ ಒಂದು ಸಾಮಾನು ಸಿಕ್ಕಿತಂತೆ, ಕಾರಿನ ಕಂಪ್ಯೂಟರ್ ಒಪ್ಪುತ್ತಿಲ್ಲವಂತೆ, ಅದನ್ನೂ ಸರಿ ಮಾಡಿಸುತ್ತಿದ್ದಾನಂತೆ... ದನಿಯಲ್ಲಿ ಖುಷಿ. ಇಂಥ ಕೆಲಸ ನರಸೀಪುರದಲ್ಲಿ ಯಾರೂ ಮಾಡಿಲ್ಲವಂತೆ.

“ನಿಮ್ಮಣ್ಣ ನನ್ನ ಭಾವ ಅಂದ್ರು ಕಣೇ ಇವತ್ತು! ಫೋನಲ್ಲಿ. ಎರಡ್ ಸಲ!”

ನನಗೂ ಖುಷಿಯಾಯಿತು. ಅಣ್ಣ ಕೊನೆಗೂ ಕರಗಿದ. ಚಿಕ್ಕಬಸಮ್ಮನ ವಿಷಯ ಹೇಳಿದೆ. “ಎಲ್ಲಾರ್ಗೂ ನೀನೇ ಓಗಿ ನಿಂತ್ಕಳಕಾಯ್ತದಾ?” ಎಂದ.

ಆಗುತ್ತದೆ ಎಂದೆ. ಕಾರೊಂದು ಬರಲಿ.

2 ಮಾರ್ಚ್, ಭಾನುವಾರ

ಅಣ್ಣನ ಬೈಕಿನಲ್ಲಿ ನರಸೀಪುರಕ್ಕೆ ಹೋದೆ, ಕಾರು ತರಲು. ಗ್ಯಾರೇಜಿನ ಮುಂದೆ ತೊಳೆದು ನಿಲ್ಲಿಸಿದ್ದ. ಕನ್ನಡಿಗೆ ಮಲ್ಲಿಗೆ ಹಾರ ಬೇರೆ.

ಬಾಗಿಲು ತೆಗೆದೆ. ಕೂತೆ. ಎಡಗಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟೆ, ಯಾವಾಗಲೂ ಇಡುವ ಜಾಗದಲ್ಲಿ. ಕಾಲು ಯಾವುದಕ್ಕೋ ತಾಗಿತು.

ಮೂರು ಪೆಡಲ್.

ನಡುವೆ ಹೊಸ ಗೇರ್ ಲಿವರ್, ಗುಂಡು ತಲೆ, ಒಂದರಿಂದ ಐದರವರೆಗೆ ಅಂಕಿ. ಇದು ಬೇರೆ ಕಾರು ಎಂದುಕೊಂಡೆ. ಇಳಿದು ಮುಂದಿನ ನಂಬರ್ ನೋಡಿದೆ, ನಿಜವಾಗಿ. ನಮ್ಮದೇ.

ಅಣ್ಣ ಆಗಲೇ ಡ್ರೈವರ್ ಸೀಟಿಗೆ ಹಾರಿದ್ದ. “ಕೊಡಿ ಭಾವ ಕೈ! ಸೂಪರ್! ಇದು ನೋಡಿ ಗಂಡಸ್ರು ಓಡ್ಸೋ ಗಾಡಿ. ಒಂದ್ ರೌಂಡ್ ಬತ್ತೀನಿ ಇರಿ.” ಹೋದ. ಸೆಕೆಂಡ್, ಥರ್ಡ್ — ಪ್ರತಿ ಗೇರು ಬೀಳುವ ಸದ್ದು ಕೇಳುತ್ತಿತ್ತು, ಸಂಗಮದ ರಸ್ತೆ ತಿರುಗುವವರೆಗೂ.

ಶಿವು ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಇನ್ನೂ ನಗುತ್ತಿದ್ದ. ನನ್ನ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

“ಏನ್ ಇದು?”

“ಮ್ಯಾನುಯಲ್ ಮಾಡ್ದೆ. ಆಕ್ಚುಯೇಟರ್ ತೆಗ್ದು ಪೆಡಲ್ಲು, ಕೇಬಲ್ಲು, ಲಿವರ್ರು... ನಿಮ್ಮಣ್ಣ ಕೇಳುದ್ರು. ಮದ್ವೆ ಆದ್ಮೇಲೆ ಅವ್ರೇ ತಾನೆ ಓಡ್ಸೋದು? ನೀನೇ ಅಂದೆ, ಎಲೆ ಮುಂದೆ. ಕಾರೂ ಇಲ್ಲ ಅಂತ.”

“ಆ ಯಂತ್ರ ರಿಪೇರಿ ಆಗುತ್ತಿರಲಿಲ್ಲವಾ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದೇ ಅವನು. “ಆಗ್ತಿತ್ತು. ಆಯಿಲ್ ತಡೆಯೋ ರಬ್ಬರ್ ಸೀಲ್ ಓಗಿತ್ತು ಅಷ್ಟೆ.”

“ನನ್ನ ಕೇಳಬಹುದಿತ್ತು ಶಿವು.”

“ನಿನ್ನ ಕೇಳಾಕೆ... ಕಾರು ನಿಂದಲ್ವಲ್ಲ.”

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ನನ್ನ ಮಾತನ್ನೇ ನನಗಿಂತ ಚೆನ್ನಾಗಿ ನಂಬಿದವನ ಮುಖ. ಹತ್ತಿರ ಬಂದು ಮೆಲ್ಲಗೆ ಹೇಳಿದ, “ನಿಂಗೆಲ್ಲೆಲ್ಲಿಗ್ ಓಗ್ಬೇಕೋ ನಾನೇ ಕರ್ಕೊಂಡ್ ಓಯ್ತೀನಿ. ನಾ ಇರುವಾಗ ನಿಂಗ್ಯಾಕೆ ಇನ್ನ ಆ ಕಷ್ಟ?”

ಕಷ್ಟ! ಎಂಟು ಊರು, ಎರಡು ಹೊಳೆ, ಕಿಟಕಿಯಲ್ಲಿ ಗಾಳಿ, ಯಾರನ್ನೂ ಕೇಳದೆ ಎಡಕ್ಕೆ ತಿರುಗುವುದು, ಬೇಕಾದಲ್ಲಿ ನಿಲ್ಲಿಸುವುದು — ಅದನ್ನು ಅವನು ಇಷ್ಟು ದಿನ ಕಷ್ಟ ಎಂದುಕೊಂಡಿದ್ದ.

3 ಮಾರ್ಚ್

ಅಂಗಡಿಗೆ ಹೋಗಲಿಲ್ಲ.

6 ಮಾರ್ಚ್, ರಾತ್ರಿ

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ, ಅಜ್ಜಿ ಒಳಗೆ ಮಲಗಿದ್ದಳು. ಅಣ್ಣ ಕೀ ಬಿಟ್ಟು ಹೋಗಿದ್ದ. ಕಾರಿನಲ್ಲಿ ಕೂತೆ. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಕ್ಲಚ್ ಮೇಲಿಟ್ಟೆ. ಮಂಡಿಯನ್ನು ಅಂಗೈಯಿಂದ ಒತ್ತಿದೆ. ಪೆಡಲ್ ಒಂದಿಷ್ಟು ಇಳಿಯಿತು. ಪಾದ ಜಾರಿತು. ಮತ್ತೆ ಇಟ್ಟೆ. ಜಾರಿತು. ಎರಡೂ ಕೈ ಮಂಡಿ ಮೇಲಿದ್ದರೆ ಸ್ಟೇರಿಂಗ್ ಹಿಡಿಯುವವರು ಯಾರು? ಬಲಗಾಲನ್ನು ಅಡ್ಡ ಹಾಕಿ ನೋಡಿದೆ. ಅಜ್ಜಿಯ ಊರುಗೋಲಿನಿಂದ ಒತ್ತಿದೆ. ಗೇಟಿನೊಳಗೆ ನಿಂತ ಕಾರಿನಲ್ಲಿ, ಎಲ್ಲಿಗೂ ಹೋಗದೆ, ಬೆವರು ಇಳಿಯಿತು.

ಕಣ್ಣೆತ್ತಿದರೆ ಅಜ್ಜಿ ಬಾಗಿಲಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ನನ್ ಕೋಲ್ ಮುರಿಬ್ಯಾಡ ಕಣೇ,” ಎಂದಳು. ಬಂದು ಪಕ್ಕದ ಸೀಟಿನಲ್ಲಿ ಕೂತಳು. ಆಮೇಲೆ, “ಅಂಗೆ ಯಾಕ್ ಅಂದೆ ಮಗಾ ಅವತ್ತು? ಚಮಚ ಬ್ಯಾಡ ಅಂದ್ರೆ ಸಾಕಿತ್ತಲ್ಲ. ಕಾರು ಯಾಕ್ ಬುಟ್ಟೆ?”

ಸಿದ್ಧಾಂತ ಅಜ್ಜಿ ಎಂದೆ.

“ಊರ್ನೋರ್ಗೆಲ್ಲಾ ಪಾಲು ಬುಡ್ಬ್ಯಾಡಿ ಅಂತ ಏಳ್ಕಂಡು ತಿರುಗ್ದೋಳು ನೀನು. ನಿಂದ ನೀನೇ ಬುಟ್ಕೊಟ್ಬುಟ್ಯಲ್ಲೇ. ಹೆಬ್ಬೆಟ್ಟೂ ಒತ್ತಿಸ್ಕಳಲಿಲ್ಲ ಅವ್ರು!”

ನಗಲೋ ಅಳಲೋ. ಎರಡೂ ಆಯಿತು. ವರದಕ್ಷಿಣೆ ಮೇಲಿನ ಆ ಕಿರುಹೊತ್ತಿಗೆ ಸುಳ್ಳಲ್ಲ. ಪಾಲಿನ ಮೇಲಿನ ಹೊತ್ತಿಗೆಯೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕಿತ್ತು. ಓದಲಿಲ್ಲ.

ಸಂಜೆ ಅಪ್ಪನಿಗೆ ಹೇಳಿದೆ, ಮತ್ತೆ ಮೊದಲಿನ ಹಾಗೆ ಮಾಡಿಸಿ ಎಂದು. ಅಪ್ಪ ಚಪ್ಪಲಿ ಬಿಡುತ್ತ, “ನಂಜೇಶ ಆಸೆ ಪಟ್ಟು ಮಾಡಿಸ್ಕಂಡವ್ನೆ. ನೀ ಓಗೋಳು ಕಣಮ್ಮಿ” ಎಂದರು. ಕೋಪದಿಂದ ಅಲ್ಲ. ತಲೆ ಸವರಿದರು ಕೂಡ.

16 ಮಾರ್ಚ್, ಭಾನುವಾರ

ಶಿವು ಬಂದ. ಹತ್ತು ದಿನ ನಾನು ಅವನ ಫೋನ್ ಎತ್ತಿರಲಿಲ್ಲ. ಗೋಣಿಚೀಲ ಹೊತ್ತು ಬಂದಿದ್ದ. ಅಂಗಳದಲ್ಲಿ ಇಳಿಸಿ ಬಾಯಿ ಬಿಚ್ಚಿದ. ಆ ಆಕ್ಚುಯೇಟರ್. ಸೀಲ್ ಬದಲಾಯಿಸಿ, ಒರೆಸಿ, ಹೊಸದರ ಹಾಗೆ ಮಾಡಿದ್ದಾನೆ.

“ತಪ್ಪಾಯ್ತು,” ಎಂದ. ಕಣ್ಣು ಕೆಂಪಗಿತ್ತು. “ವಾಪಸ್ ಆಕ್ಬುಡ್ತೀನಿ ಲಿಖಿತಾ. ಒಂದ್ ವಾರ ಕೊಡು.”

ಅವನ ಕೈ ಹಿಡಿಯಲು ಮುಂದೆ ಬಗ್ಗಿದೆ. ಅವನು ನನ್ನ ಭುಜದ ಮೇಲಿಂದ ಒಳಗೆ ನೋಡಿದ.

“ನಿಮ್ಮಣ್ಣ ಅವ್ರಾ? ಅವ್ರು ಊ ಅಂದ್ರೆ ನಾಳೇನೇ ಬಿಚ್ತೀನಿ.”

“ನಾನು ಹೂಂ ಅಂದರೆ?”

ಗಲಿಬಿಲಿಗೊಂಡ. ನಿಜವಾಗಿಯೂ ಅರ್ಥವಾಗಲಿಲ್ಲ ಅವನಿಗೆ. “ಅವ್ರುನ್ ಕೇಳ್ದೆ ಎಂಗ್ ಬಿಚ್ಚಲಿ? ಈಗ್ ತಾನೆ ಭಾವ ಅಂತಾವ್ರೆ...”

ಅಣ್ಣ ಹೊರಗೆ ಬಂದು ಚೀಲ ನೋಡಿದ. “ಏನ್ ಭಾವ, ಎಣ್ಣೆ ತೆಗ್ಯೋ ಗಾಣ ತಂದಿದೀರಾ? ತಗೊಂಡೋಗಿ. ಗಾಡಿ ಬೆಣ್ಣೆ ಅಂಗೆ ಓಡ್ತಾ ಅದೆ.” ನಕ್ಕ. ಶಿವು ಕೂಡ ಸ್ವಲ್ಪ ನಕ್ಕ, ಅಭ್ಯಾಸಬಲಕ್ಕೆ. ಆಮೇಲೆ ಚೀಲದ ಬಾಯಿ ಕಟ್ಟಿದ.

ಅಣ್ಣ ಹೋದ ಮೇಲೆ ಅವನು ಹೇಳಿದ: ಮದುವೆಯಾದ ಮೇಲೆ ತಾನೇ ಒಂದು ಆಟೋಮ್ಯಾಟಿಕ್ ನೋಡುತ್ತಾನೆ, ಹಳೆಯದಾದರೂ. ಯಾವಾಗ ಎಂದೆ. ಕೈಗೂಡಿದಾಗ. ಅಲ್ಲಿಯವರೆಗೆ ಭಾನುವಾರ ನಾನು ಸೋಸಲೆಗೆ ಹೋಗುವುದು?

“ಭಾನುವಾರ ಗ್ಯಾರೇಜಲ್ ಗಿರಾಕಿ ಜಾಸ್ತಿ. ವಾರಾ ವಾರಾ ಯಾಕ್ ಓಗ್ಬೇಕು? ತಿಂಗ್ಳಿಗೊಂದ್ಸಲ ಕರ್ಕೊಂಡ್ ಓಯ್ತೀನಿ. ಮದ್ವೆ ಆದ್ಮೇಲೆ ಒಸಿ ಕಮ್ಮಿ ಮಾಡು ಲಿಖಿತಾ... ನಿನ್ ಕಾಲಿಗೂ ಒಳ್ಳೇದು.”

ಎಷ್ಟು ಮೃದುವಾಗಿ ಹೇಳಿದ. ಕೂಗಾಡಿದ್ದರೆ ಕೂಗಾಡಬಹುದಿತ್ತು.

ಆಗುವುದಿಲ್ಲ ಶಿವು ಎಂದೆ. ತಿಂಗಳಿಗೊಂದು ಸಲ ಎಂಬುದು ಆಗುವುದಿಲ್ಲ ಎಂದುಕೊಂಡ. ಹದಿನೈದು ದಿನಕ್ಕೊಂದು ಸಲ ಅಂತಿಟ್ಕೊ ಎಂದ. ಇಲ್ಲ, ಮದುವೆ, ಎಂದೆ.

ಗೋಣಿಚೀಲ ಹೊತ್ತು ಬಸ್ ಸ್ಟ್ಯಾಂಡಿನ ಕಡೆಗೆ ನಡೆದ. ಭಾರ ಅದು. ಎರಡು ಕಡೆ ಇಳಿಸಿ ಹೆಗಲು ಬದಲಾಯಿಸಿದ. ಹಿಂದೆ ಓಡಬೇಕೆನ್ನಿಸಿತು. ಓಡುವ ಕಾಲಲ್ಲ.

23 ಮಾರ್ಚ್, ಭಾನುವಾರ

ಅಪ್ಪ ವೀಳ್ಯ ವಾಪಸ್ ಮಾಡಲು ಒಪ್ಪಲಿಲ್ಲ. ಯಾರಾದರೂ ಹಿರಿಯರು ಕೊಂಡುಹೋಗಬೇಕು, ಅದು ಕ್ರಮ. ಯಾರೂ ಹೊರಡಲಿಲ್ಲ. ನಾನೇ ಹೋದೆ. ನಂಜನಗೂಡಿನಿಂದ ನರಸೀಪುರ, ಅಲ್ಲಿಂದ ಹೆಮ್ಮಿಗೆ, ಎರಡು ಬಸ್ಸು. ಹೊಸದಾಗಿ ತಂದ ಎಲೆ ಬಾಡದಿರಲಿ ಎಂದು ಅಜ್ಜಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು.

ಮಲ್ಲಯ್ಯನವರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ತಟ್ಟೆ ತರಲಿಲ್ಲ, ಪಂಚೆಯ ಸೆರಗು ಒಡ್ಡಿದರು. ಇಸಿದುಕೊಳ್ಳುವ ಮೊದಲು ಕೈ ಹಿಂದೆ ಎಳೆದುಕೊಂಡರು.

“ಎಣ್ಮಗು ಬಂದು ಎಲೆ ವಾಪಸ್ ಕೊಟ್ಟಿದ್ದು ನಮ್ಮೂರ್ನಲ್ ಇಲ್ಲ ಕಣವ್ವ. ಕುಡೀತಾನಾ ನಮ್ ಹೈದ?”

“ಇಲ್ಲ.”

“ಕೈ ಎತ್ತಿದ್ನಾ?”

“ಛೇ. ಇಲ್ಲ.”

“ಮತ್ತೆ? ಕಾರ್ಗೋಸ್ಕರಾನಾ?”

“ಹೌದು. ಕಾರಿಗೋಸ್ಕರ.”

“ನೀನೇ ಬ್ಯಾಡ ಅಂದ ಕಾರು!”

“ಹೌದು.”

ಬಹಳ ಹೊತ್ತು ನನ್ನ ಕಾಲು ನೋಡಿದರು, ಮುಚ್ಚುಮರೆ ಇಲ್ಲದೆ, ರೈತ ಹಸುವಿನ ಕಾಲು ನೋಡುವ ಹಾಗೆ. “ನಂಗ್ ತಿಳೀನಿಲ್ಲ ತಾಯಿ. ನಿಂಗ್ ತಿಳಿದದಲ್ಲ, ಸಾಕು.” ಎಲೆ ಇಸಿದುಕೊಂಡರು. ಮಜ್ಜಿಗೆ ಕೊಡದೆ ಕಳಿಸಲಿಲ್ಲ. ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿದವರೂ ಅವರೇ.

ಶಿವುವಿನ ಅವ್ವ ಒಳಗಿದ್ದರು. ಹೊರಗೆ ಬರಲಿಲ್ಲ. ಅಳು ಕೇಳಿಸುತ್ತಿತ್ತು.

4 ಏಪ್ರಿಲ್, ಸಂಜೆ

ಯುಗಾದಿ ಕಳೆಯಿತು. ಬರೆಯಲು ಮನಸ್ಸಾಗಿರಲಿಲ್ಲ. ಅಂಗಡಿಯಲ್ಲಿ ಎಂದಿನ ಹಾಗೆ ಟೈಪಿಂಗ್. ಇವತ್ತು ಜೆರಾಕ್ಸಿಗೆ ಬಂದ ಹೆಂಗಸೊಬ್ಬರು ನನ್ನನ್ನು ನೋಡಿ ಪಕ್ಕದವರ ಕಿವಿಯಲ್ಲಿ, “ಇದೇ ಮಗು. ಕಾಲು ನೋಡಿ ಗಂಡಿನ ಕಡೆಯೋರು ಬುಟ್ಬುಟ್ರಂತೆ” ಎಂದರು. ತಿರುಗಿ ಹೇಳಿದೆ: ಅವರು ಬಿಡಲಿಲ್ಲ, ನಾನು ಬಿಟ್ಟೆ. ಅವರು ನನ್ನ ಕೈ ಸವರಿ, “ಇರ್ಲಿ ಬುಡವ್ವ” ಎಂದರು. ನಂಬಲಿಲ್ಲ. ಯಾರೂ ನಂಬುವುದಿಲ್ಲ. ನರಸೀಪುರದಲ್ಲಿ ಅವನ ಗ್ಯಾರೇಜಿನ ಮುಂದೆಯೂ ಇದೇ ಮಾತಂತೆ — ಕುಂಟಿ ಅಂತ ಕೈಬಿಟ್ಟ. ಅವನು ಇಲ್ಲ ಎನ್ನುತ್ತಿಲ್ಲವಂತೆ. ಹೆಣ್ಣು ಬಿಟ್ಟಳು ಅಂದರೆ ಲಿಖಿತಾಗೆ ಕೆಟ್ಟ ಹೆಸರು ಎಂದು ತಾನೇ ಹೊತ್ತುಕೊಂಡಿದ್ದಾನೆ. ಈ ಸಲವೂ ನನ್ನನ್ನು ಕೇಳಲಿಲ್ಲ.

ಇಲ್ಲಾದರೂ ಸರಿಯಾಗಿ ಬರೆದಿಡಬೇಕು. ಶಿವಸ್ವಾಮಿ ನನ್ನ ಕಾಲು ನೋಡಿ ಬಿಟ್ಟವನಲ್ಲ. ಕೆಟ್ಟವನಲ್ಲ. ಬಿಟ್ಟವಳು ನಾನು. ಬಿಟ್ಟದ್ದು ಸರಿ. ನಾಳೆ ಮತ್ತೆ ಕೇಳಿದರೂ ಅದೇ ಹೇಳುತ್ತೇನೆ.

ಆರಕ್ಕೆ ಗ್ಯಾರೇಜಿನ ಶಟರ್ ಎಳೆಯುತ್ತಾನೆ. ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಾನೆ, ಆಮೇಲೆ ಸೋಪು. ಉಗುರಿನ ಸಂದಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕೈ ಒಣಗಿದ ಮೇಲೆ ನನಗೆ ಫೋನ್ ಮಾಡುತ್ತಿದ್ದ. ಈಗ ಆರೂ ಇಪ್ಪತ್ತು. ಮಾಡುವುದಿಲ್ಲ, ಗೊತ್ತು. ಫೋನನ್ನು ಒಳಗೆ ಇಟ್ಟು ಬರಬೇಕೆಂದು ಎದ್ದೆ. ಇಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೇನೆ.